ಟ್ಯೂಬಿನ ಮೂಲಕ ಸೊಂಟದ ನರನಾಳ ಬಿಡಿಸುವುದು: ನಾನು ಮಾಡುವ ರೀತಿ

ಸೊಂಟದ ನರನಾಳ, ಅಂದರೆ ಬೆನ್ನುಮೂಳೆಯೊಳಗೆ ನರಗಳು ಸಾಗುವ ಕೊಳವೆ, ಕಿರಿದಾದವರ ಮುಖ್ಯ ದೂರು ಬೆನ್ನಿನದ್ದಲ್ಲ, ಕಾಲಿನದು. ಸ್ವಲ್ಪ ದೂರ ನಡೆದರೆ ತೊಡೆ, ಮೀನಖಂಡ ಭಾರವಾಗಿ ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಕೂರದೆ ಸುಮ್ಮನೆ ನಿಂತರೂ ನೋವು ಹೋಗುತ್ತದೆ ಎಂದವರಿಗೆ ಮೊದಲು ಪಾದದ ನಾಡಿ ನೋಡುತ್ತೇನೆ, ತೊಂದರೆ ರಕ್ತನಾಳದ್ದಿರಬಹುದು. ಸೈಕಲ್ ಎಷ್ಟು ಹೊತ್ತು ಬೇಕಾದರೂ ತುಳಿಯುತ್ತೇನೆ, ನಡೆಯಲು ಮಾತ್ರ ಆಗದು ಎಂದರೆ ಅನುಮಾನ ನರನಾಳದ ಮೇಲೇ. ಬರೀ ಸೊಂಟನೋವಿಗೆ ಈ ಆಪರೇಷನ್ (ಸಣ್ಣ ಗಾಯದಲ್ಲಿ ಟ್ಯೂಬು ಇಳಿಸಿ ಅದರೊಳಗಿಂದ ನರದ ಮೇಲಿನ ಒತ್ತಡ ತೆಗೆಯುವುದು) ಮಾಡುವುದಿಲ್ಲ, ಎಂಆರ್‌ಐಯಲ್ಲಿ ನಾಳ ಎಷ್ಟೇ ಕಿರಿದಾಗಿ ಕಂಡರೂ.

ಮಲಗಿಸಿ ತೆಗೆದ ಎಂಆರ್‌ಐ ಒಂದನ್ನೇ ನಂಬಬಾರದು. ಬೆನ್ನುಮೂಳೆಯ ಮಣಿ ಜಾರಿದ್ದರೆ ಮಲಗಿದಾಗ ಅದು ಸರಿಯಾಗಿ ಕೂತುಬಿಡಬಹುದು. ನಿಲ್ಲಿಸಿ, ಮುಂದಕ್ಕೆ ಮತ್ತು ಹಿಂದಕ್ಕೆ ಬಾಗಿಸಿ ಎಕ್ಸ್‌ರೇ ತೆಗೆಸಲೇಬೇಕು. ಎಂಆರ್‌ಐಯಲ್ಲಿ ಫ್ಯಾಸೆಟ್ ಕೀಲು (ಮಣಿಗಳನ್ನು ಹಿಂಬದಿಯಲ್ಲಿ ಜೋಡಿಸುವ ಕೀಲು) ನೀರು ತುಂಬಿ ಬೆಳ್ಳಗೆ ಕಂಡರೆ ಆ ಮಟ್ಟ, ಅಂದರೆ ಆ ಎರಡು ಮಣಿ ಸೇರುವ ಜಾಗ, ಅಲುಗಾಡುತ್ತಿರಬಹುದು. ಹಾಗೆಂದು ಜಾರಿದ ಮಣಿಗೆಲ್ಲ ಸ್ಕ್ರೂ ಹಾಕಬೇಕಿಲ್ಲ: ವಯಸ್ಸಿನ ಸವೆತದಿಂದ ಮಣಿ ಜಾರಿದವರಲ್ಲಿ ಬರೀ ನರ ಬಿಡಿಸುವುದು ಸ್ಕ್ರೂ ಹಾಕಿ ಬೆಸೆಯುವುದಕ್ಕಿಂತ ಕಡಿಮೆಯೇನಲ್ಲ ಎಂದು 2021ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ ತೋರಿಸಿದೆ. ಬಾಗಿಸಿದಾಗ ಎದ್ದು ಕಾಣುವಷ್ಟು ಜರುಗುವುದು, ಬೆನ್ನುನೋವೇ ಮುಂದಿರುವುದು, ಇಂಥಲ್ಲಿ ಮಾತ್ರ ಬೆಸೆಯುವ ಯೋಚನೆ ಮಾಡುತ್ತೇನೆ.

ರೋಗಿಯನ್ನು ಬೋರಲು ಮಲಗಿಸುವಾಗ ಹೊಟ್ಟೆ ಗಾಳಿಯಲ್ಲಿ ತೂಗುವಂತಿರಬೇಕು. ಹೊಟ್ಟೆ ಒತ್ತಿದರೆ ನರನಾಳದ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ, ಆಮೇಲೆ ಇಡೀ ಆಪರೇಷನ್ ರಕ್ತ ಹೀರುವುದರಲ್ಲೇ ಕಳೆಯುತ್ತದೆ. ಕಣ್ಣಿನ ಮೇಲೆ ಒತ್ತಡ ಬಿದ್ದಿಲ್ಲವೆಂದು ಅರಿವಳಿಕೆ ತಜ್ಞರೂ ನಾನೂ ಇಬ್ಬರೂ ನೋಡುತ್ತೇವೆ. ಮಟ್ಟ ಎಣಿಸುವುದು ಸೇಕ್ರಂನಿಂದ (ಸೊಂಟದ ಕೆಳಗಿನ ತ್ರಿಕೋನ ಮೂಳೆ) ಮೇಲಕ್ಕೆ, ಎಂಆರ್‌ಐ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು. ಕೊನೆಯ ಮಣಿ ಸೇಕ್ರಂಗೆ ಅರ್ಧ ಬೆಸೆದುಕೊಂಡಿರುವವರು ಅಪರೂಪವಲ್ಲ. ತಪ್ಪು ಮಟ್ಟದಲ್ಲಿ ಇಳಿಯುವುದು ಹೆಚ್ಚಾಗಿ ಅವರಲ್ಲೇ.

ಯಾವ ಕಡೆಯಿಂದ ಒಳಹೋಗಬೇಕು? ನೋವು ಹೆಚ್ಚಿರುವ ಕಡೆಯಿಂದ ಎಂಬುದು ರೂಢಿ. ನಾನು ಅಷ್ಟಕ್ಕೆ ಒಪ್ಪುವುದಿಲ್ಲ. ಟ್ಯೂಬು ಓರೆಯಾಗಿ ನೋಡುವುದರಿಂದ ಆಚೆ ಬದಿಯ ನರ ಚೆನ್ನಾಗಿ ಕಾಣುತ್ತದೆ, ಈಚೆ ಬದಿಯ, ಅಂದರೆ ಒಳಹೋದ ಬದಿಯ, ನರ ಫ್ಯಾಸೆಟ್ ಕೀಲಿನ ಅಡಿಯಲ್ಲಿ ಅಡಗಿರುತ್ತದೆ. ನರನಾಳದ ಒಂದು ಕಡೆಯ ಮೂಲೆ ತೀರಾ ಬಿಗಿಯಾಗಿದ್ದರೆ ಅದರ ಎದುರು ಬದಿಯಿಂದ ಹೋಗುವುದೇ ಲೇಸು, ಕೀಲೂ ಉಳಿಯುತ್ತದೆ.

ನಡುಗೆರೆಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಎರಡು ಸೆಂಟಿಮೀಟರ್ ಉದ್ದದ ಗಾಯ. ಒಳಗಿನ ಫ್ಯಾಸಿಯಾವನ್ನು (ಸ್ನಾಯುವಿನ ಮೇಲಿನ ಗಟ್ಟಿ ಪೊರೆ) ಚರ್ಮಕ್ಕಿಂತ ತುಸು ಉದ್ದಕ್ಕೇ ಕೊಯ್ಯಬೇಕು, ಇಲ್ಲದಿದ್ದರೆ ಟ್ಯೂಬು ಓರೆ ಮಾಡುವಾಗ ಅದು ಹಿಡಿದುಕೊಳ್ಳುತ್ತದೆ. ಟ್ಯೂಬಿಗೆ ದಾರಿ ತೋರಿಸಲು ಮೊದಲು ತಂತಿ ಇಳಿಸುವ ಪದ್ಧತಿ ನನಗೆ ಹಿಡಿಸದು. ಎರಡು ಲ್ಯಾಮಿನಾಗಳ (ನರನಾಳದ ಹಿಂಬದಿಯ ಮೂಳೆ ಹಲಗೆ) ನಡುವಿನ ಸಂದಿಯಲ್ಲಿ ಅದು ನೇರ ಡ್ಯೂರಾಗೆ (ನರಗಳನ್ನು ಸುತ್ತಿದ ಪೊರೆ) ತಾಗಬಹುದು. ಮೊಂಡು ತುದಿಯ ಮೊದಲ ಡೈಲೇಟರನ್ನೇ (ಸ್ನಾಯು ಸರಿಸಿ ದಾರಿ ಅಗಲ ಮಾಡುವ ಕೊಳವೆ) ಇಳಿಸಿ, ಎಲ್4-ಎಲ್5 (ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ) ಆದರೆ ಎಲ್4ರ ಲ್ಯಾಮಿನಾದ ಕೆಳ ಅಂಚಿಗೆ, ಅದು ಹಿಂದಕ್ಕೆ ಚಾಚಿದ ಮುಳ್ಳುಮೂಳೆಯನ್ನು ಸೇರುವಲ್ಲಿಗೆ ತಾಗಿಸುತ್ತೇನೆ. ಸಿ-ಆರ್ಮ್‌ನಲ್ಲಿ (ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಯಂತ್ರ) ಪಕ್ಕದಿಂದಲೂ ನೇರದಿಂದಲೂ ನೋಡಿದ ಮೇಲೆ ಒಂದರ ಮೇಲೊಂದು ಡೈಲೇಟರ್ ಹಾಕಿ 18 ಅಥವಾ 20 ಮಿಲಿಮೀಟರ್ ಟ್ಯೂಬು ಕೂರಿಸುವುದು. ಟ್ಯೂಬು ಮೂಳೆಗೆ ಒತ್ತಿ ಕೂರದಿದ್ದರೆ ಅಡಿಯಲ್ಲಿ ಸ್ನಾಯು ತೂರಿ ಬರುತ್ತಲೇ ಇರುತ್ತದೆ. ತೂರಿದ್ದನ್ನು ಸುಡುತ್ತ ಕೂರುವ ಬದಲು ಟ್ಯೂಬನ್ನೇ ತೆಗೆದು ಮತ್ತೆ ಕೂರಿಸುವುದು ಬೇಗ ಮುಗಿಯುತ್ತದೆ.

ಮೈಕ್ರೋಸ್ಕೋಪಿನ ಕೆಳಗೆ 3 ಮಿಲಿಮೀಟರ್ ಡೈಮಂಡ್ ತುದಿಯ ಡ್ರಿಲ್‌ನಿಂದ ಈಚೆ ಲ್ಯಾಮಿನಾ ತೆಳುಮಾಡುತ್ತ ಮೇಲೆ ಹೋಗುತ್ತೇನೆ, ಹಳದಿ ಲಿಗಮೆಂಟ್ (ಲ್ಯಾಮಿನಾಗಳ ನಡುವಿನ ಪಟ್ಟಿ) ಮೂಳೆಗೆ ಅಂಟಿಕೊಳ್ಳುವ ಜಾಗ ಮುಗಿದು ಕೊಬ್ಬು ಕಾಣುವವರೆಗೆ. ಲಿಗಮೆಂಟನ್ನು ಈಗಲೇ ತೆಗೆಯಬಾರದು. ಡ್ರಿಲ್ ಓಡುವಷ್ಟು ಹೊತ್ತು ಡ್ಯೂರಾಗೆ ಅದೇ ಗುರಾಣಿ. ಆಮೇಲೆ ಟ್ಯೂಬನ್ನು ನನ್ನ ಕಡೆಗೆ ವಾಲಿಸಿ, ಟೇಬಲ್ಲನ್ನು ನನ್ನಿಂದ ಆಚೆಗೆ ಓರೆ ಮಾಡಿಸಿ, ಮುಳ್ಳುಮೂಳೆಯ ಬುಡವನ್ನೂ ಆಚೆ ಲ್ಯಾಮಿನಾದ ಒಳಮೈಯನ್ನೂ ಕೊರೆಯುವುದು. ಆಚೆ ಫ್ಯಾಸೆಟ್ಟಿನ ಒಳಮೈ ತಲುಪಿದ ಮೇಲಷ್ಟೇ ಲಿಗಮೆಂಟಿಗೆ ಕೈ ಹಾಕುವುದು. ಮುಳ್ಳುಮೂಳೆ, ಅವುಗಳ ನಡುವಿನ ಲಿಗಮೆಂಟು, ಆಚೆ ಕಡೆಯ ಸ್ನಾಯು ಇವೆಲ್ಲ ಇದ್ದ ಹಾಗೇ ಇರುತ್ತವೆ. ಈ ವಿಧಾನದ ಲಾಭ ಅದೇ ಹೊರತು ಚರ್ಮದ ಮೇಲಿನ ಸಣ್ಣ ಗಾಯವಲ್ಲ. ನಡುವಿನ ಲಿಗಮೆಂಟನ್ನು ಉಳಿಸುವ ಎರಡು ವಿಧಾನಗಳನ್ನೂ ಮುಳ್ಳುಮೂಳೆ ಕತ್ತರಿಸಿ ಸರಿಸುವ ವಿಧಾನವನ್ನೂ 437 ರೋಗಿಗಳಲ್ಲಿ ಹೋಲಿಸಿ 2022ರಲ್ಲಿ ಪ್ರಕಟಿಸಿದ ನಾರ್ವೆಯ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷದ ನಂತರ ಮೂರರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ನರ ಪೂರ್ತಿ ಬಿಟ್ಟಿದೆಯೇ ಎಂಬುದು ಗಾಯದ ಅಳತೆಗಿಂತ ದೊಡ್ಡ ಪ್ರಶ್ನೆ.

ಡ್ಯೂರಾ ಹರಿಯುವುದು ಹೆಚ್ಚಾಗಿ ಲಿಗಮೆಂಟ್ ತೆಗೆಯುವಾಗ. ಬಹಳ ಕಾಲ ಒತ್ತಿಸಿಕೊಂಡ ಡ್ಯೂರಾ ನಡುವಿನಲ್ಲಿ ಮಡಿಚಿ ಮೇಲಕ್ಕೆದ್ದು ಲಿಗಮೆಂಟಿಗೆ ಅಂಟಿರುತ್ತದೆ, ಕಚ್ಚಿ ತೆಗೆಯುವ ಕೆರಿಸನ್ ಉಪಕರಣದ ಬಾಯಿಗೆ ಆ ಮಡಿಕೆ ಸಿಕ್ಕಿಬೀಳುತ್ತದೆ. ಪ್ರತಿ ಕಚ್ಚಿಗೂ ಮುನ್ನ ಮೊಂಡು ಹುಕ್ಕಿನಿಂದ ಅಡಿಯಲ್ಲಿ ಬಿಡಿಸಬೇಕು, ಕಚ್ಚಿದ್ದನ್ನು ಎಳೆಯಬಾರದು, ಕತ್ತರಿಸಿಯೇ ಹೊರತೆಗೆಯಬೇಕು. ಫ್ಯಾಸೆಟ್ಟಿನಿಂದ ಎದ್ದ ನೀರಿನ ಗುಳ್ಳೆ ಡ್ಯೂರಾಗೆ ಅಂಟಿದ್ದರೆ ತೆಳುವಾದ ಪೊರೆ ಉಳಿದರೂ ಚಿಂತೆಯಿಲ್ಲ. ಚಿಕ್ಕ ತೂತು, ನರದ ಎಳೆ ಹೊರಬಂದಿಲ್ಲ ಎಂದಾದರೆ ಕೊಬ್ಬಿನ ತುಣುಕು, ಫೈಬ್ರಿನ್ ಅಂಟು ಸಾಕು. ಟ್ಯೂಬು ತೆಗೆದ ಮೇಲೆ ಸ್ನಾಯು ತಾನಾಗಿ ಕೂಡಿಕೊಂಡು ಡ್ಯೂರಾದೊಳಗಿಂದ ಸೋರಿದ ನೀರು ನಿಲ್ಲಲು ಜಾಗ ಕೊಡದಿರುವುದು ಇಲ್ಲಿನ ಅನುಕೂಲ. ದೊಡ್ಡದಾಗಿ ಹರಿದರೆ ಹೊಲಿಯಬೇಕು, ಅದಕ್ಕೆ ಗಾಯ ದೊಡ್ಡದು ಮಾಡಬೇಕಾದರೆ ಹಿಂದುಮುಂದು ನೋಡಬಾರದು.

ಇನ್ನು ಈಚೆ ಬದಿ. ಕೆಲಸ ಮುಗಿಯಿತು ಅನ್ನಿಸುವುದು ಇಲ್ಲೇ, ಮುಗಿಯದೆ ಉಳಿಯುವುದೂ ಇಲ್ಲೇ. ನಡುವೆ ಡ್ಯೂರಾ ಉಬ್ಬಿ ಮಿಡಿಯುವುದು ಕಂಡಿತೆಂದು ನಿಲ್ಲಿಸಿದರೆ ಎಲ್5 ನರ ಮೂಲೆಯಲ್ಲಿ ಒತ್ತಿಕೊಂಡೇ ಇರುತ್ತದೆ. ಒತ್ತುವುದು ಎಲ್5ರ ಮೇಲ್ಫ್ಯಾಸೆಟ್ಟಿನ ಒಳ ಅಂಚು. ಟ್ಯೂಬನ್ನು ನೇರ ಮಾಡಿ ಆ ಅಂಚನ್ನು ಅಡಿಯಿಂದ ಕೆರೆಯಬೇಕು, ಮೇಲಿನಿಂದ ಕೀಲನ್ನು ತಿನ್ನಬಾರದು. ಕೀಲಿನ ಅರ್ಧಕ್ಕಿಂತ ಹೆಚ್ಚು ಉಳಿಯಲೇಬೇಕು. ಎಲ್3ಕ್ಕೆ ಮತ್ತು ಅದರ ಮೇಲಕ್ಕೆ ಲ್ಯಾಮಿನಾ ಅಗಲ ಕಡಿಮೆ, ಪಾರ್ಸ್ (ಮಣಿಯ ಮೇಲಿನ, ಕೆಳಗಿನ ಫ್ಯಾಸೆಟ್ಟುಗಳನ್ನು ಸೇರಿಸುವ ಮೂಳೆ) ನಡುಗೆರೆಗೆ ಹತ್ತಿರ. ಕೆಳಗೆ ಕೊರೆದಷ್ಟೇ ಅಲ್ಲೂ ಕೊರೆದರೆ ಪಾರ್ಸ್ ಮುರಿಯುತ್ತದೆ. ಕೊನೆಗೆ ಗುಂಡು ತುದಿಯ ಪ್ರೋಬು ಎರಡೂ ಕಡೆ ಪೆಡಿಕಲ್ಲಿನ (ಮಣಿಯ ಮುಂಭಾಗವನ್ನು ಹಿಂಭಾಗಕ್ಕೆ ಸೇರಿಸುವ ಮೂಳೆಗಂಬ) ಒಳಗೋಡೆ ಮುಟ್ಟಬೇಕು, ನರದ ಜೊತೆ ಹೊರಕ್ಕೂ ಸಲೀಸಾಗಿ ಜಾರಬೇಕು.

ಟ್ಯೂಬಿನ ಬದಲು ಸಲೈನ್ ಹರಿಸುತ್ತ ಎಂಡೋಸ್ಕೋಪಿನಲ್ಲಿ ಎರಡು ತೂತಿನ ವಿಧಾನ ಮಾಡುವವರು ಒಂದನ್ನು ಗಮನಿಸಬೇಕು: ಒಳಹೋದ ಸಲೈನ್ ಹೊರಗೆ ಹರಿದು ಬರುತ್ತಿರಬೇಕು. ಹೊರಹರಿವು ನಿಂತರೆ ಒತ್ತಡ ತಲೆಯವರೆಗೂ ಏರಿ ತಲೆನೋವು, ಕತ್ತುನೋವು, ಫಿಟ್ಸ್ ಕೂಡ ಬರಬಹುದು. ಮುಗಿಸುವ ಮುನ್ನ ನೀರು ನಿಲ್ಲಿಸಿ ನೋಡಿ. ನೀರಿನ ಒತ್ತಡ ಮುಚ್ಚಿಟ್ಟಿದ್ದ ರಕ್ತಸ್ರಾವ ಆಗ ಹೊರಬೀಳುತ್ತದೆ.

ಹೆಚ್ಚಿನವರನ್ನು ಅದೇ ದಿನ ನಡೆಸುತ್ತೇವೆ. ಕಾಲಿನ ನೋವು ಬೇಗ ಹೋಗುತ್ತದೆ, ಜೋಮು ನಿಧಾನ, ಹಳೆಯ ಜೋಮು ಪೂರ್ತಿ ಹೋಗದಿರಲೂಬಹುದು. ಇದನ್ನು ಆಪರೇಷನ್ನಿಗೆ ಮೊದಲೇ ಹೇಳಿರಬೇಕು. ಮೊದಲ ರಾತ್ರಿ ಡ್ಯೂಟಿಯಲ್ಲಿರುವವರಿಗೆ ನಾನು ಬರೆದಿಡುವುದು ಒಂದೇ ಸಾಲು: ಕಾಲುನೋವು ಇಳಿದು ಮತ್ತೆ ಜೋರಾಗಿ ಏರಿದರೆ, ಪಾದ ಎತ್ತಲು ಆಗದಿದ್ದರೆ, ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ನೋವಿನ ಇಂಜೆಕ್ಷನ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ನನಗೆ ಫೋನ್ ಮಾಡಿ, ಎಂಆರ್‌ಐಗೆ ಕಳಿಸಿ. ಒಳಗೆ ರಕ್ತ ಕಟ್ಟಿ ನರ ಒತ್ತುತ್ತಿದ್ದರೆ ತೆಗೆಯಲು ಇರುವುದು ಕೆಲವೇ ಗಂಟೆ.