ಹವಳದ ಟ್ಯಾಂಕಿಗೆ ಪಾಚಿ ಹಿಡಿದರೆ: ಮಲೆನಾಡಿನವರಿಗೆ ಒಂದಿಷ್ಟು ದಾರಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್ ಇಟ್ಟವರ ಹತ್ತಿರ ಪಾಚಿ ವಿಷಯ ಎತ್ತಿ ನೋಡಿ. "ನೀರಿನ ತೊಂದರೆ ಅಲ್ಲ ಮಾರಾಯ್ರೆ, ನಮ್ಮ ಬಾವಿ ನೀರಿಗೆ ಟಿಡಿಎಸ್ 40 ಕೂಡ ಬರಲ್ಲ" ಅನ್ನುತ್ತಾರೆ. ಕುಡಿಯೋಕೆ ಒಳ್ಳೇ ನೀರೇ, ಅದರಲ್ಲಿ ಎರಡು ಮಾತಿಲ್ಲ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಅಂಶಗಳ ಒಟ್ಟು ಲೆಕ್ಕ. ಆದರೆ ಅದರ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಮಾತ್ರ. ಆ 40ರಲ್ಲಿ ನೈಟ್ರೇಟ್ ಎಷ್ಟು, ಸುಣ್ಣದ ಅಂಶ ಎಷ್ಟು ಅಂತ ಅದು ಹೇಳುವುದಿಲ್ಲ. ಕರಗಿದ ಸಿಲಿಕಾ ಅಂತೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ಅಡಿಕೆ ತೋಟದ ಕೆಳಗಿನ ಬಾವಿ ಆದರೆ ಮಳೆಗಾಲದಲ್ಲಿ ಗೊಬ್ಬರದ ಅಂಶ ನೀರಿಗೆ ಇಳಿಯುವುದು ಸಹಜ. ಪಾಚಿಗೆ ಬೇಕಾದ್ದೂ ಅದೇ ಅಲ್ವಾ?

ಒಂದು ಲೆಕ್ಕ ಹಾಕಿ. 200 ಲೀಟರಿನ ಟ್ಯಾಂಕ್, ದಿನಕ್ಕೆ 3 ಲೀಟರ್ ಆವಿ ಆಗುತ್ತದೆ, ಅಷ್ಟೇ ಬಾವಿ ನೀರು ಸುರಿಯುತ್ತೀರಿ. ಆ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದೆ ಅಂತಿಟ್ಟುಕೊಳ್ಳಿ. ಆವಿಯಾಗಿ ಹೋಗುವುದು ನೀರು ಮಾತ್ರ, ನೈಟ್ರೇಟ್ ಎಲ್ಲೂ ಹೋಗುವುದಿಲ್ಲ. ತಿಂಗಳಿಗೆ 900 ಮಿಲಿಗ್ರಾಂ ಒಳಗೆ ಬಿತ್ತು, ಅಂದರೆ ಲೀಟರಿಗೆ 4.5 ಹೆಚ್ಚಾಯಿತು. ಇದು ಮೀನಿನ ಊಟದ ಲೆಕ್ಕ ಬಿಟ್ಟು.

ಹಾಗಾಗಿ ಪೊರೆಯಲ್ಲಿ ನೀರು ಸೋಸುವ ಆರ್‌ಒ ಮತ್ತು ಅದರ ನಂತರ ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್, ಎರಡೂ ಬೇಕು. ಅಡುಗೆಮನೆಯ ಆರ್‌ಒ ಯಂತ್ರ ಸಾಲದು. ಬಹಳಷ್ಟರಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತದೆ, ರುಚಿಗೋಸ್ಕರ ಸೋಸದ ನೀರನ್ನೇ ಸ್ವಲ್ಪ ವಾಪಸ್ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಇನ್ನೊಂದು ವಿಷಯ: ಬಾವಿ, ಬೋರ್‌ವೆಲ್ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದರೆ ಅದು ಆರ್‌ಒ ಪೊರೆಯನ್ನು ದಾಟಿ ಬಂದು ಡಿಐ ರೆಸಿನ್ನನ್ನು ಬೇಗ ಮುಗಿಸುತ್ತದೆ. ರೆಸಿನ್ ಇಷ್ಟು ಬೇಗ ಬಣ್ಣ ತಿರುಗಿತಲ್ಲ ಅಂತ ಅಂಗಡಿಯವನನ್ನು ಬೈಯುವ ಮೊದಲು ಆರ್‌ಒ ನೀರನ್ನು ಡ್ರಮ್ಮಿಗೆ ಹಿಡಿದು, ರಾತ್ರಿಯಿಡೀ ಏರ್ ಪಂಪ್ ಬಿಟ್ಟು, ಆಮೇಲೆ ಡಿಐ ಮೂಲಕ ಹಾಯಿಸಿ ನೋಡಿ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ಸೋರುವುದು ಸಿಲಿಕೇಟ್, ಅದೂ ಮೀಟರ್ ಇನ್ನೂ 0 ತೋರಿಸುತ್ತಿರುವಾಗಲೇ.

ಸಮುದ್ರದ ನೀರೇ ತರುತ್ತೇವೆ ಅನ್ನುವವರೂ ಇದ್ದಾರೆ. ಸಾಗರದವರಿಗೆ ಹೊನ್ನಾವರ, ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಮಲ್ಪೆ, ದೂರವೇನಿಲ್ಲ. ಬೇಸಿಗೆಯಲ್ಲಿ, ನದಿ ಬಾಯಿಂದ ದೂರದಲ್ಲಿ ತಂದರೆ ಪರವಾಗಿಲ್ಲ. ಜೂನ್‌ನಿಂದ ಮಳೆಗಾಲ ಮುಗಿದು ನೀರು ತಿಳಿಯಾಗುವ ತನಕ ಮಾತ್ರ ಬೇಡ. ಶರಾವತಿ, ಸ್ವರ್ಣಾ ಎಲ್ಲ ಕೆಂಪಗೆ ತುಂಬಿ ಹರಿದು ದಡದ ನೀರಿನ ಉಪ್ಪನ್ನು ಇಳಿಸಿರುತ್ತವೆ, ಜೊತೆಗೆ ಘಟ್ಟದ ಮೇಲಿನ ಗೊಬ್ಬರ, ಕೆಸರು ಎಲ್ಲ ಅಲ್ಲೇ ಸೇರಿರುತ್ತದೆ. ಆ ನೀರನ್ನು ಮನೆಗೆ ತಂದು ಪಾಚಿ ಯಾಕೆ ಬಂತು ಅಂದರೆ ಏನು ಹೇಳುವುದು.

ಇನ್ನು ಬಂದಿರುವುದು ಯಾವ ಪಾಚಿ ಅಂತ ನೋಡಿ. ಇದೊಂದು ಹೆಜ್ಜೆ ಬಿಟ್ಟು ಸುಮ್ನೆ ಬಾಟಲಿ ಔಷಧಿ ಸುರಿಯುವವರೇ ಜಾಸ್ತಿ. ಒಂದು ಎಳೆ ಕಿತ್ತು ಬಿಳಿ ತಟ್ಟೆಯಲ್ಲಿ ಸ್ವಲ್ಪ ಟ್ಯಾಂಕ್ ನೀರಿನ ಜೊತೆ ಇಡಿ, ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ. ನಡುವೆ ಒಂದು ದಂಟು, ಎರಡೂ ಕಡೆ ಸಣ್ಣ ಸಣ್ಣ ಕವಲು, ಜರೀಗಿಡದ ಎಲೆಯ ಆಕಾರ ಇದ್ದರೆ ಅದು ಬ್ರಯಾಪ್ಸಿಸ್. ಕವಲಿಲ್ಲದ ಬರೀ ಕೂದಲಾದರೆ ಮಾಮೂಲಿ ಕೂದಲು ಪಾಚಿ. ಹಸಿರು ಗೋಲಿಗಳು ಬಂಡೆಗೆ ಅಂಟಿಕೊಂಡಿದ್ದರೆ ವಲೋನಿಯಾ. ಕೆಂಪು ಅಥವಾ ಕಡುನೇರಳೆ ಹಾಳೆ, ನೀರು ಚಿಮ್ಮಿಸಿದರೆ ಚರ್ಮದಂತೆ ಎದ್ದು ಬರುತ್ತದೆ ಅಂದರೆ ಅದು ಸಯನೋ ಬ್ಯಾಕ್ಟೀರಿಯಾ, ಪಾಚಿಯೇ ಅಲ್ಲ. ಹೊಸ ಟ್ಯಾಂಕಿನ ಮರಳಿನ ಮೇಲೆ ಕಂದು ಧೂಳು ಕೂತಿದ್ದರೆ ಡಯಾಟಮ್, ಸಿಲಿಕೇಟ್ ಮುಗಿದರೆ ತಾನಾಗಿ ಹೋಗುತ್ತದೆ, ಅದರ ಮೇಲೆ ಕೈ ಹಾಕಬೇಡಿ.

ಹೆದರಬೇಕಾದ್ದು ಕಂದು ಲೋಳೆಗೆ. ಎಳೆ ಎಳೆಯಾಗಿ ನೇತಾಡುತ್ತದೆ, ತುದಿಯಲ್ಲಿ ಗಾಳಿ ಗುಳ್ಳೆ, ರಾತ್ರಿ ಕಡಿಮೆಯಾಗಿ ಬೆಳಿಗ್ಗೆ ಲೈಟ್ ಬಂದ ಮೇಲೆ ಮತ್ತೆ ಹಾಜರು, ಬಸವನಹುಳುಗಳು ಒಂದೊಂದಾಗಿ ಬೀಳುತ್ತವೆ. ಇವು ಡೈನೋಫ್ಲಾಜೆಲೇಟ್ (ಡೈನೋ) ಎಂಬ ಒಂಟಿ ಕೋಶದ ಜೀವಿಗಳು. ಅನುಮಾನ ಇದ್ದರೆ ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಟಿಶ್ಯೂನಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ ಇರುವ ಸಾಧ್ಯತೆ ಜಾಸ್ತಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲೇ ಇದು ಹೆಚ್ಚು. ಅಂಥ ಕಡೆ ನೀರು ಬದಲಾಯಿಸುತ್ತಾ ಹೋದರೆ ಇನ್ನೂ ಹಬ್ಬುತ್ತದೆ, ಅಲ್ಲಿ ಪೋಷಕಾಂಶ ಏರಿಸಬೇಕು. ಕೂದಲು ಪಾಚಿಯ ಮದ್ದನ್ನು ಇದಕ್ಕೆ ಹಾಕಿದರೆ ಕೆಲಸ ಕೆಡುವುದು ಇಲ್ಲೇ.

ಕೂದಲು ಪಾಚಿ ಅಂತ ಖಾತ್ರಿ ಆಯಿತಾ? ಹಾಗಾದರೆ ಕೈ ತೊಳೆದು ಕೀಳೋಕೆ ಶುರು ಮಾಡಿ. ಗದ್ದೆಯಲ್ಲಿ ಕಳೆ ಕಿತ್ತ ಹಾಗೇ, ಬೇಸರದ ಕೆಲಸ, ಆದರೆ ಇದಕ್ಕಿಂತ ಬೇಗ ಫಲ ಕೊಡುವುದು ಯಾವುದೂ ಇಲ್ಲ. ಎಳೆಯೊಳಗೆ ಸೇರಿದ ಫಾಸ್ಫೇಟ್ ಕೂಡ ಅದರ ಜೊತೆಗೇ ಮನೆಯಿಂದ ಹೊರಗೆ ಹೋಗುತ್ತದೆ. ಎತ್ತಲು ಬರುವ ಬಂಡೆಯಾದರೆ ಬಕೆಟ್ಟಿನಲ್ಲಿ ಟ್ಯಾಂಕಿನದೇ ನೀರು ತುಂಬಿ ಅದರೊಳಗೆ ಇಟ್ಟು ಕೀಳಿ. ಬೆರಳಿಗೆ ಸುತ್ತಿ ಬುಡದಿಂದ ಎಳೆಯಿರಿ, ಉಳಿದದ್ದನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ. ಹಲ್ಲುಜ್ಜುವ ಬ್ರಷ್ ಹೊಸದಿರಲಿ, ಪೇಸ್ಟ್ ತಾಗಿದ್ದು ಬೇಡ. ಎತ್ತಲಾಗದ ಬಂಡೆ ಇದ್ದರೆ ಬ್ರಷ್ಷಿಗೆ ಏರ್‌ಲೈನ್ ಪೈಪನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಇನ್ನೊಂದು ತುದಿಯನ್ನು ಸಂಪ್‌ನಲ್ಲಿರುವ (ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ) ಫಿಲ್ಟರ್ ಚೀಲಕ್ಕೆ ಬಿಡಿ. ಉಜ್ಜುತ್ತಿದ್ದಂತೆ ಚೂರುಗಳು ಪೈಪಿನಲ್ಲಿ ಹೋಗಿ ಚೀಲದಲ್ಲಿ ಸಿಕ್ಕಿಕೊಳ್ಳುತ್ತವೆ, ನೀರು ವಾಪಸ್ ಬರುತ್ತದೆ. ಚೀಲವನ್ನು ಅವತ್ತೇ ತೊಳೆಯಿರಿ. ನಾಳೆ ಅಂತ ಬಿಟ್ಟರೆ ಚೂರು ಅಲ್ಲೇ ಕೊಳೆತು ಮತ್ತೆ ನೀರಿಗೇ ಗೊಬ್ಬರ.

ಇಲ್ಲಿ ಒಂದು ಎಚ್ಚರಿಕೆ, ತಮಾಷೆಯಲ್ಲ. ಜೋಆಂಥಿಡ್ ಹವಳಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರಬಹುದು. ಅವಿರುವ ಬಂಡೆಯನ್ನು ಕೈಗವಸು, ಕನ್ನಡಕ ಇಲ್ಲದೆ ಉಜ್ಜಬೇಡಿ, ಕೈಯಲ್ಲಿ ಗಾಯ ಇದ್ದರಂತೂ ಮುಟ್ಟಲೇಬೇಡಿ. ಪಾಚಿ ಸಾಯಲಿ ಅಂತ ಬಂಡೆಯನ್ನು ಹಂಡೆಯಲ್ಲಿ ಕುದಿಸಬೇಡಿ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದು ಬೇರೆ ಬೇರೆ ದೇಶಗಳಲ್ಲಿ ನಡೆದಿದೆ.

ಹಠಮಾರಿ ಜಾಗಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಟ್ಯಾಂಕಿನವರು ಬಳಸುವ ಅಳತೆ 3 ಪರ್ಸೆಂಟಿನದು, ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ 20 ವಾಲ್ಯೂಮ್ ಅಂತ ಬರೆದಿರುವ 6 ಪರ್ಸೆಂಟಿನದು. ಅದಕ್ಕೆ ಅಷ್ಟೇ ಡಿಐ ನೀರು ಬೆರೆಸಿಕೊಳ್ಳಿ. ಬಂಡೆಯನ್ನು ಹೊರಗೆ ತೆಗೆದು, ಪಾಚಿ ಇರುವ ಕಡೆ ಮಾತ್ರ ಸಿರಿಂಜಿನಲ್ಲಿ ಬಿಟ್ಟು, ಎರಡು ಮೂರು ನಿಮಿಷ ನೊರೆ ಬರಲಿ, ಆಮೇಲೆ ಟ್ಯಾಂಕ್ ನೀರಿನಲ್ಲೇ ತೊಳೆದು ವಾಪಸ್ ಇಡಿ. ಪಾಚಿ ಕೆಲವು ದಿನದಲ್ಲಿ ಬಿಳುಚಿಕೊಳ್ಳುತ್ತದೆ, ಅದನ್ನು ಬಸವನಹುಳುಗಳು ಬಂದು ಮೇಯುತ್ತವೆ. ಸೀಗಡಿಗಳಿಗೆ ಪೆರಾಕ್ಸೈಡ್ ಆಗುವುದಿಲ್ಲ, ನೇರ ಟ್ಯಾಂಕಿಗೆ ಸುರಿಯುವ ಆಸೆ ಬಿಡಿ.

ಮೇಯುವವರ ವಿಷಯ. ಟರ್ಬೋ, ಟ್ರೋಕಸ್ ಬಸವನಹುಳು, ಮುಳ್ಳುಚೆಂಡಿನಂಥ ಟಕ್ಸೀಡೋ ಅರ್ಚಿನ್ ಇವು ಒಳ್ಳೇ ಕೆಲಸಗಾರರು. ಆಸ್ಟ್ರೇಯಾ (Astraea) ಬಸವನಹುಳು ಅಗ್ಗ, ಆದರೆ ಮಗುಚಿ ಬಿದ್ದರೆ ತಾನಾಗಿ ಏಳೋಕೆ ಒದ್ದಾಡುತ್ತದೆ, ಮರಳಿನ ಮೇಲೆ ಹಾಗೇ ಸಾಯುತ್ತದೆ. ಉದ್ದ ಬೆಳೆದ ಪಾಚಿಯನ್ನು ಇವು ಹೆಚ್ಚಾಗಿ ಮುಟ್ಟುವುದಿಲ್ಲ, ಮೊದಲು ನೀವು ಕಿತ್ತು ಗಿಡ್ಡ ಮಾಡಿಕೊಡಬೇಕು. ಟ್ಯಾಂಗ್ ಮೀನು ಚೆನ್ನಾಗಿ ತಿನ್ನುತ್ತದೆ ಅಂತ ಎರಡಡಿ ಟ್ಯಾಂಕಿಗೆ ತಂದು ಬಿಡುವವರಿಗೆ ಕೈ ಮುಗಿಯಬೇಕು, ಅದಕ್ಕೆ ಕನಿಷ್ಠ ನಾಲ್ಕಡಿ ಉದ್ದ ಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಹುಳುಗಳನ್ನು ಬಕೆಟ್ಟಿಗೆ ಹಾಕಿ, ಸಣ್ಣ ಪೈಪಿನಲ್ಲಿ ಟ್ಯಾಂಕ್ ನೀರನ್ನು ಹನಿಹನಿಯಾಗಿ ಬಿಟ್ಟು ನಿಧಾನಕ್ಕೆ ಹೊಂದಿಸಿ. ಉಪ್ಪಿನ ಅಂಶ ಒಮ್ಮೆಲೇ ಬದಲಾದರೆ ಇವು ತಡೆಯುವುದಿಲ್ಲ.

ಆ ಬಕೆಟ್ ಯಾವುದು ಅನ್ನುವುದೂ ಮುಖ್ಯ. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುತ್ತಾರೆ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಪೂರ್ತಿ ತಾಮ್ರದ ಉಪ್ಪು. ಹುಳು, ಸೀಗಡಿ, ಹವಳ ಯಾವುದಕ್ಕೂ ತಾಮ್ರ ಒಂಚೂರೂ ಆಗುವುದಿಲ್ಲ. ಔಷಧಿ ಕಲಸಿದ ಡ್ರಮ್, ಚೊಂಬು, ಅಳತೆ ಜಗ್ ಎಷ್ಟು ತೊಳೆದರೂ ಟ್ಯಾಂಕಿನ ಹತ್ತಿರ ತರಬೇಡಿ. ಹುಳುಗಳು ತಂದ ವಾರಕ್ಕೇ ಸಾಲಾಗಿ ಸಾಯುತ್ತಿದ್ದರೆ ಮೊದಲು ಮನೆಯ ಬಕೆಟ್ಟುಗಳ ಹಿನ್ನೆಲೆ ವಿಚಾರಿಸಿ. ಮಾಡಿನಿಂದ ಇಳಿದ ಮಳೆನೀರಿಗೂ ಇದೇ ಮಾತು: ಜಿಂಕ್ ಶೀಟಿನ ಮೇಲೆ ಹರಿದು ಬಂದದ್ದು ಬೇಡ.

ಟೆಸ್ಟ್ ಕಿಟ್ ಸೊನ್ನೆ ತೋರಿಸುತ್ತಿದೆ, ಆದರೂ ಪಾಚಿ ಸೊಂಪಾಗಿದೆ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಕಿಟ್ ಹೇಳುವುದು ನೀರಿನಲ್ಲಿ ಉಳಿದದ್ದನ್ನು. ಬಂದದ್ದನ್ನೆಲ್ಲ ಪಾಚಿ ಬಂದ ಕೂಡಲೇ ತಿಂದು ಮುಗಿಸಿದರೆ ಸೊನ್ನೆ ಬರದೆ ಇನ್ನೇನು ಬರುತ್ತದೆ? ಜೊತೆಗೆ ಸುಣ್ಣದಂಶದ ಬಂಡೆ ಫಾಸ್ಫೇಟನ್ನು ಹೀರಿಟ್ಟುಕೊಂಡು, ನೀರಿನಲ್ಲಿ ಕಡಿಮೆಯಾದಾಗ ಮೆಲ್ಲಗೆ ಬಿಡುತ್ತದೆ. ಅದಕ್ಕೇ ಫಾಸ್ಫೇಟ್ ಹೀರುವ ಜಿಎಫ್‌ಒ ಎಂಬ ಕಬ್ಬಿಣದಂಶದ ಹರಳು ಹಾಕಿ ಎರಡು ದಿನ ಖುಷಿಪಟ್ಟವರು ಮೂರನೇ ದಿನ ಮತ್ತೆ ಅದೇ ಅಂಕಿ ನೋಡುತ್ತಾರೆ. ಸ್ವಲ್ಪ ಸ್ವಲ್ಪ ಹಾಕಿ, ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನಡುವೆ ನಿಂತರೆ ಸಾಕು. ಸೊನ್ನೆ ಮಾಡಲು ಹೋದರೆ ಡೈನೋ ಕಾಯುತ್ತಿರುತ್ತದೆ. ಸಂಪ್‌ನಲ್ಲಿ ಕೀಟೋ ಎಂಬ ಸಾಕು ಪಾಚಿ ಬೆಳೆಸಿ ಅದಕ್ಕೆ ರಾತ್ರಿ ಹೊತ್ತು ಲೈಟ್ ಕೊಟ್ಟರೆ ಕೂದಲು ಪಾಚಿಯ ಊಟ ಅದು ತಿನ್ನುತ್ತದೆ. ಫ್ರೋಜನ್ ಆಹಾರವನ್ನು ಕರಗಿಸಿ ಬಲೆಯಲ್ಲಿ ಸೋಸಿ ಹಾಕಿ. ಲೈಟ್ ದಿನಕ್ಕೆ 8 ಗಂಟೆ ಸಾಕು, ಬಿಳಿ ಮತ್ತು ಕೆಂಪು ಚಾನೆಲ್ ತಗ್ಗಿಸಿ.

ಬ್ರಯಾಪ್ಸಿಸ್ ಮಾತ್ರ ಬೇರೆ ಜಾತಿ. ಪೋಷಕಾಂಶ ಇಳಿಸಿದರೂ ಜಗ್ಗುವುದಿಲ್ಲ, ಕಿತ್ತರೆ ಚೂರು ಬಿದ್ದಲ್ಲೆಲ್ಲ ಮತ್ತೆ ಹುಟ್ಟುತ್ತದೆ. ಅದಕ್ಕೆ ಫ್ಲುಕೋನಜೋಲ್ ಎಂಬ ಶಿಲೀಂಧ್ರದ ಔಷಧಿ. ಅಳತೆ ಲೀಟರಿಗೆ ಸುಮಾರು 5 ಮಿಲಿಗ್ರಾಂ, ಬಂಡೆ ಮರಳು ಕಳೆದು ನಿಜವಾದ ನೀರು 200 ಲೀಟರ್ ಇದ್ದರೆ 150 ಮಿಲಿಗ್ರಾಂನ 7 ಮಾತ್ರೆಯಷ್ಟು. ಇದು ಚೀಟಿ ಮೇಲೆ ಕೊಡುವ ಮನುಷ್ಯರ ಔಷಧಿ, ಪಶುವೈದ್ಯರನ್ನು ಕೇಳಿ ಬರೆಸಿಕೊಳ್ಳಿ, ಇಲ್ಲವೇ ಟ್ಯಾಂಕಿಗೆಂದೇ ಬರುವ ಪುಡಿ ತರಿಸಿ. ಕಾರ್ಬನ್, ಜಿಎಫ್‌ಒ, ಕೀಟೋ ತೆಗೆದು, ಯುವಿ ದೀಪ ಆರಿಸಿ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಕಪ್ ಕಳಚಿಡಿ. ಮೊದಲ ವಾರ ಏನೂ ಆಗಲ್ಲ ಅನ್ನಿಸುತ್ತದೆ. ಮತ್ತೊಂದು ಡೋಸ್ ಹಾಕಬೇಡಿ, ಎರಡು ಮೂರು ವಾರ ಕಾಯಿರಿ. ಮುಗಿದ ಮೇಲೆ ನೀರು ಬದಲಾಯಿಸಿ ಕಾರ್ಬನ್ ಹಾಕಿ. ಹಳೇ ನೀರನ್ನು ತೋಟಕ್ಕೂ ಹಳ್ಳಕ್ಕೂ ಬಿಡಬೇಡಿ, ಬಚ್ಚಲ ಮೋರಿಗೆ ಹಾಕಿ.

ಈ ಔಷಧಿ ಹಾಕುವ ಕೆಲಸವನ್ನು ಆಷಾಢದ ಮಳೆಯಲ್ಲಿ ಶುರು ಮಾಡಬೇಡಿ. ಸಾಯುತ್ತಿರುವ ಪಾಚಿ ನೀರಿನ ಆಮ್ಲಜನಕ ತಿನ್ನುತ್ತದೆ, ಅದೇ ಹೊತ್ತಿಗೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೆ ಪಾಚಿಗಿಂತ ಮೊದಲು ಮೀನು ಹೋಗುತ್ತದೆ. ಇನ್ವರ್ಟರಿಗೆ ನೀರು ಕಲಕುವ ವೇವ್‌ಮೇಕರ್ ಒಂದನ್ನೇ ಕೊಡಿ, ಲೈಟ್ ಬೇಡ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಎಲ್ಲ ಸರಿಯಾದ ಮೇಲೆ ಮತ್ತೆ ಬರುವುದು ಹೊಸ ಹವಳದ ಜೊತೆಗೇ. ನೇತ್ರಾಣಿ ದ್ವೀಪದ ಕಡೆಯಿಂದ ಯಾರೋ ತಂದದ್ದು ಅಂತ ಕೊಟ್ಟರೆ ಮುಟ್ಟಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ, ಹಿಡಿದರೆ ಜೈಲು. ಕೆಲವು ಶಂಖ, ಚಿಪ್ಪುಗಳಿಗೂ ರಕ್ಷಣೆ ಇದೆ. ಹವಳವಾದರೂ ಹುಳುವಾದರೂ ದಾಖಲೆ ಇರುವ ಕಡೆಯೇ ಕೊಳ್ಳಿ. ತಂದ ಹವಳವನ್ನು ಅಂಟಿಸಿರುವ ಕೆಳಗಿನ ಸಣ್ಣ ಬಿಲ್ಲೆ, ಪ್ಲಗ್ ಇದೆಯಲ್ಲ, ಪಾಚಿಯ ಬೇರು, ಗೋಲಿ ಪಾಚಿಯ ಮರಿ ಎಲ್ಲ ಇರುವುದು ಅದರ ಬದಿಯಲ್ಲೇ. ಆಗುವುದಾದರೆ ಪ್ಲಗ್ಗನ್ನು ಮುರಿದು ಎಸೆದು, ಹವಳವನ್ನು ಅದಕ್ಕೆಂದೇ ಬರುವ ಡಿಪ್ ದ್ರಾವಣದಲ್ಲಿ ಅದ್ದಿ ಹೊಸ ಪ್ಲಗ್ಗಿಗೆ ಅಂಟಿಸಿ, ಆಮೇಲೆ ಒಳಗೆ ಬಿಡಿ.