ಗೋಡೆಯ ಮೇಲಿನ ದಾಸವಾಳಕ್ಕೊಂದು ತೊಟ್ಟು

ಪಿಂಗಾಣಿ ಹೂಗಳನ್ನು ಮಾಡಲು ಆರಂಭಿಸಿದ ಮೊದಲ ವರ್ಷವೇ ಸೋದರತ್ತೆಯ ಮನೆಯ ಗೃಹಪ್ರವೇಶ ಬಂತು. ಒಂಬತ್ತು ಬಿಳಿ ದಾಸವಾಳಗಳನ್ನು ಉಡುಗೊರೆಯಾಗಿ ಕೊಂಡೊಯ್ದು, ಎರಡೂ ಬದಿ ಅಂಟುವ ಟೇಪು ಹಾಕಿ ಜಗುಲಿಯ ಗೋಡೆಗೆ ನಾನೇ ಅಂಟಿಸಿ ಬಂದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಮೂರು ಹೂಗಳು ಬಿದ್ದು ಒಡೆದವು. ಟೇಪು ಹೂವನ್ನು ಬಿಟ್ಟಿರಲಿಲ್ಲ. ಅದು ಕಚ್ಚಿಕೊಂಡಿದ್ದ ಸುಣ್ಣದ ಪದರವೇ ಗೋಡೆಯಿಂದ ಎದ್ದು ಬಂದಿತ್ತು. ಅತ್ತೆ ಆ ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಟ್ಟಿದ್ದರು. "ಗುಡಿಸಿ ಎಸೆಯೋಕೆ ಮನಸ್ಸು ಬರಲಿಲ್ಲ ಕಣೇ" ಎಂದು ಅವರು ಪೊಟ್ಟಣವನ್ನು ಕೈಗಿತ್ತಾಗ ನನಗೆ ಬಹಳ ನೋವಾಯಿತು.

ನಮ್ಮ ಸಾಗರ, ಸೊರಬದ ಕಡೆಯ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರ ಬೆಂಡಿನ ಕೆಲಸ ಅಷ್ಟು ದೂರ ಹೋಗಿಲ್ಲ, ಆದರೆ ಮದುವೆಯ ಬಾಸಿಂಗಕ್ಕೆ ಅವರು ಕಟ್ಟುವ ಬೆಂಡಿನ ಹೂಗಳನ್ನು ನೋಡುತ್ತ ನೋಡುತ್ತಲೇ ನನಗೆ ಮಣ್ಣಿನಲ್ಲಿ ಹೂ ಮಾಡುವ ಆಸೆ ಹುಟ್ಟಿದ್ದು. ಪರಿಚಯದ ಹಿರಿಯ ಗುಡಿಗಾರರೊಬ್ಬರಿಗೆ ಉಳಿದಿದ್ದ ಹೂವೊಂದನ್ನು ತೋರಿಸಿದೆ. ಅವರು ಮುಂಭಾಗವನ್ನು ಒಂದು ಕ್ಷಣ ನೋಡಿ, ಅಂಗೈಯಲ್ಲಿ ಮಗುಚಿಕೊಂಡು, ಹಿಂಭಾಗವನ್ನು ಬಹಳ ಹೊತ್ತು ನೋಡಿದರು. "ಎಸಳು ಚೆನ್ನಾಗಿ ಬಂದಿದೆ ತಂಗೀ, ಇದಕ್ಕೆ ತೊಟ್ಟೆಲ್ಲಿ?" ಎಂದು ಕೇಳಿದರು. ಆ ಪ್ರಶ್ನೆಯ ನಂತರ ನಾನು ಹೂ ಮಾಡುವ ಕ್ರಮವೇ ತಿರುಗಿಬಿಟ್ಟಿತು. ಮೊದಲು ಎಸಳು ಮಾಡಿ, ಹೂ ಕೂಡಿಸಿ, ಕೊನೆಯಲ್ಲಿ ಅದನ್ನು ಗೋಡೆಗೆ ಹೇಗೆ ಹಚ್ಚುವುದೆಂದು ಯೋಚಿಸುತ್ತಿದ್ದವಳು ಈಗ ತೊಟ್ಟಿನಿಂದಲೇ ಕೆಲಸ ಶುರುಮಾಡುತ್ತೇನೆ.

ನಾನು ಬಳಸುವುದು 1220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುವ ಸ್ಟೋನ್‌ವೇರ್ ಮಣ್ಣು. ಮಾತಿನಲ್ಲಿ ಪಿಂಗಾಣಿ ಎಂದರೂ ಇದು ಬೆಳಕು ಹಾಯುವಷ್ಟು ನಯವಾದ ಪೋರ್ಸೆಲಿನ್ ಅಲ್ಲ. ಹಸಿಯಿಂದ ಬೆಂದು ಹೊರಬರುವಷ್ಟರಲ್ಲಿ ಈ ಮಣ್ಣು ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ಹತ್ತೂವರೆ ಸೆಂಟಿಮೀಟರ್ ಅಗಲದ ಹೂ ಬೇಕಾದರೆ ಹಸಿಮಣ್ಣಿನಲ್ಲಿ ಹನ್ನೆರಡು ಸೆಂಟಿಮೀಟರ್ ಇರಬೇಕು. ತೊಟ್ಟಿಗೆಂದು ಐದು ಮಿಲಿಮೀಟರ್ ದಪ್ಪದ ಬಿಲ್ಲೆಯೊಂದನ್ನು ಕತ್ತರಿಸಿ, ಅದರ ಅಂಚನ್ನು ದಾಸವಾಳದ ಪುಷ್ಪಪಾತ್ರೆಯಂತೆ, ಅಂದರೆ ಎಸಳುಗಳ ಬುಡದ ಹಸಿರು ಬಟ್ಟಲಿನಂತೆ, ಐದು ಮೂಲೆಯಾಗಿ ಎಳೆದು, ಮೊಳೆಗೆ ತೂತು ಮಾಡುತ್ತೇನೆ. ತೂತು ನಟ್ಟನಡುವೆ ಇದ್ದರೆ ಹೂವು ಮೊಳೆಯ ಸುತ್ತ ತಿರುಗುತ್ತದೆ, ಮೇಲುಭಾಗ ಮುಂದಕ್ಕೆ ಬಾಗುತ್ತದೆ. ಆದ್ದರಿಂದ ಅದನ್ನು ಮಧ್ಯಕ್ಕಿಂತ ಸಾಕಷ್ಟು ಮೇಲಕ್ಕೆ, ಮೊಳೆಯ ತಲೆ ಕಚ್ಚಿಕೊಳ್ಳುವಂತೆ ಒಳಮುಖವಾಗಿ ಓರೆಯಾಗಿ ಕೊರೆಯುತ್ತೇನೆ. ಕುಗ್ಗುವಿಕೆ ತೂತಿಗೂ ಉಂಟೆಂಬುದನ್ನು ಮರೆತು ಒಮ್ಮೆ ಒಂದು ಗೂಡಿನ ತುಂಬ ಮೊಳೆ ಹೋಗದ ಹೂಗಳನ್ನು ಬೇಯಿಸಿದ್ದೇನೆ.

ಎಸಳುಗಳ ಕೆಲಸ ಕೈಗೆ ಅತ್ಯಂತ ಪ್ರಿಯವಾದದ್ದು. ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದ ಮಣ್ಣಿನಿಂದ ಐದು ಎಸಳುಗಳನ್ನು ಕತ್ತರಿಸಿ, ಬುಡದ ದಪ್ಪವನ್ನು ಹಾಗೆಯೇ ಬಿಟ್ಟು, ಅಂಚನ್ನು ಮಾತ್ರ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತುತ್ತ ತೆಳ್ಳಗೆ ಮಾಡುತ್ತೇನೆ. ಅಂಚು ಒಂದೂವರೆ ಮಿಲಿಮೀಟರಿಗೆ ಬಂದಾಗ ಅದು ತಾನಾಗಿಯೇ ಅಲೆಯಾಗಿ ಮಡಿಚಿಕೊಳ್ಳತೊಡಗುತ್ತದೆ. ಅಲ್ಲಿ ಕೈ ನಿಲ್ಲಿಸಬೇಕು. ಎಸಳಿನ ನರಗಳಿಗೆ ಹಿಡಿಸೂಡಿಯ ಕಡ್ಡಿಯಷ್ಟು ಒಳ್ಳೆಯ ಉಪಕರಣ ನನಗೆ ಬೇರೆ ಸಿಕ್ಕಿಲ್ಲ. ಕಡ್ಡಿಯ ದಪ್ಪ ಬುಡವನ್ನು ಎಸಳಿನ ಬುಡದಲ್ಲಿಟ್ಟು, ಬೀಸಣಿಗೆ ಬಿಚ್ಚಿದಂತೆ ಒಂದೊಂದೇ ಗೆರೆಯನ್ನು ಅಂಚಿನವರೆಗೆ ಒತ್ತುತ್ತ ಬಂದರೆ, ಕಡ್ಡಿ ಬುಡದಿಂದ ತುದಿಗೆ ತೆಳುವಾಗುವುದರಿಂದ ಗೆರೆಯೂ ಒಂದೇ ಸಮನಾಗಿರದೆ ನಿಜವಾದ ಎಸಳಿನದರಂತೆ ಕಾಣುತ್ತದೆ.

ಹೂ ಕೂಡಿಸುವುದಕ್ಕೆ ಅರ್ಧ ತೆಂಗಿನ ಚಿಪ್ಪು ಸಾಕು. ಒಳಗೆ ಹಳೆಯ ಪಂಚೆಯ ತುಂಡು ಹಾಸಿ, ತಳದಲ್ಲಿ ತೊಟ್ಟನ್ನಿಟ್ಟು, ಒಂದು ಎಸಳಿನ ಅಂಚು ಮುಂದಿನದರ ಕೆಳಗೆ ಹೋಗುವಂತೆ ಸುತ್ತಲೂ ಜೋಡಿಸುತ್ತೇನೆ. ಕೂಡುವ ಎರಡೂ ಮೈಗಳನ್ನು ಸೂಜಿಯಿಂದ ಗೀರಿ, ಅದೇ ಮಣ್ಣನ್ನು ಮೊಸರಿನ ಹದಕ್ಕೆ ಕಲಸಿ ಸವರಿ, ಒತ್ತಿ ಹಿಡಿಯಬೇಕು. ನಡುವಿನ ಕೇಸರದ ದಂಡಿಗೆ ಪರಾಗ ಬೇಕಲ್ಲ, ಅದಕ್ಕೆ ಚಹಾ ಸೋಸುವ ಜಾಲರಿಯಲ್ಲಿ ಮಣ್ಣನ್ನು ಒತ್ತಿದರೆ ಸಣ್ಣ ಎಳೆಗಳು ಹೊರಬರುತ್ತವೆ. ಅವನ್ನು ಸೂಜಿಮೊನೆಯಿಂದ ಎತ್ತಿ ಅಂಟಿಸುತ್ತೇನೆ. ಮೊದಮೊದಲು ಈ ದಂಡನ್ನು ನಿಜದ ಹೂವಿನಂತೆ ಮುಂದಕ್ಕೆ ಚಾಚಿಸುತ್ತಿದ್ದೆ. ಗೋಡೆಯ ಮೇಲೆ ಅದು ಹೋಗಿಬರುವವರ ಭುಜಕ್ಕೆ ತಾಗಿ ಮುರಿಯುತ್ತದೆ. ಈಗ ಅದನ್ನು ಬಾಗಿಸಿ ಕೆಳಗಿನ ಎಸಳಿನ ಮೇಲೆ ಒರಗಿಸುತ್ತೇನೆ, ನೋಡಲೂ ಅದೇ ಚೆಂದ.

ಮಲೆನಾಡಿನ ಮಳೆಗಾಲ ಈ ಕೆಲಸಕ್ಕೆ ಅರ್ಧ ಮಿತ್ರ, ಅರ್ಧ ಶತ್ರು. ಮಣ್ಣು ನಿಧಾನವಾಗಿ ಒಣಗುವುದರಿಂದ ತೆಳು ಅಂಚು ಬೇಗ ಕುಗ್ಗಿ ಬಿರುಕು ಬಿಡುವುದಿಲ್ಲ. ಆದರೆ ಎಷ್ಟು ದಿನ ಇಟ್ಟರೂ ದಪ್ಪ ತೊಟ್ಟು ಪೂರ್ತಿ ಒಣಗುವುದೂ ಇಲ್ಲ. ಒಂದು ಆಷಾಢದಲ್ಲಿ ಆರು ಹೂಗಳ ತೊಟ್ಟು ಗೂಡಿನಲ್ಲಿ ಸಿಡಿದಾಗ ಒಳಗೆ ಗಾಳಿ ಸಿಕ್ಕಿಕೊಂಡಿತ್ತೆಂದೇ ತಿಳಿದಿದ್ದೆ. ಸಿಡಿಸಿದ್ದು ಗಾಳಿಯಲ್ಲ, ಒಳಗುಳಿದ ನೀರು ಆವಿಯಾಗಿ ಹೊರದಾರಿ ಕಾಣದೆ ಹೋದದ್ದು. ಅಂದಿನಿಂದ ನನ್ನ ವಿದ್ಯುತ್ ಗೂಡಿನ ಮುಚ್ಚಳವನ್ನು ತುಸು ಎತ್ತಿಟ್ಟು, 100 ಡಿಗ್ರಿಗಿಂತ ಕೆಳಗೇ ಮೂರು ಗಂಟೆ ನಿಲ್ಲಿಸಿ, ಆಮೇಲೆ ಮೇಲೇರಿಸುತ್ತೇನೆ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಬೆಣಚು ಹಿಗ್ಗುವುದರಿಂದ ಅಲ್ಲಿಯೂ ಅವಸರ ಸಲ್ಲದು. ಮೊದಲ ಸುಡುವಿಕೆ 980 ಡಿಗ್ರಿಗೆ ಮುಗಿಯುತ್ತದೆ.

ದಾಸವಾಳ ಬಿಳಿಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ತಾಮ್ರದಿಂದ ಬರುವ ಕೆಂಪಿಗೆ ಆಮ್ಲಜನಕ ಕಡಿಮೆಯಾದ ಬೆಂಕಿ ಬೇಕು. ಸಾಧಾರಣ ವಿದ್ಯುತ್ ಗೂಡಿನಲ್ಲಿ ಅದೇ ತಾಮ್ರ ಹಸಿರಾಗುತ್ತದೆ. ಬಣ್ಣದ ಪುಡಿಯಿಂದ ಕೆಂಪು ತರಬಹುದು, ಆದರೆ ಆ ಒತ್ತಾದ ಕೆಂಪಿನಲ್ಲಿ ಕಡ್ಡಿಯ ಗೆರೆಗಳು ಮುಚ್ಚಿಹೋಗುವುದನ್ನು ಕಂಡ ಮೇಲೆ ನಾನು ಬಿಳಿಗೇ ನಿಂತೆ. ಎರಡನೆಯ ಸುಡುವಿಕೆಗೆ ಮುನ್ನ ಹಚ್ಚುವ ಅರೆಪಾರದರ್ಶಕ ಬಿಳಿ ಗ್ಲೇಜು, ಅಂದರೆ ಗಾಜಿನಂಥ ಲೇಪ, ಗೆರೆಗಳಲ್ಲಿ ದಪ್ಪವಾಗಿ ನಿಂತು, ಅಂಚಿನಲ್ಲಿ ತೆಳುವಾಗಿ ಮಣ್ಣಿನ ಬಣ್ಣವನ್ನು ಬಿಟ್ಟುಕೊಡುತ್ತದೆ. ತೊಟ್ಟಿನ ಹಿಂಬದಿಯ ಗ್ಲೇಜನ್ನು ಮಾತ್ರ ಒದ್ದೆ ಸ್ಪಂಜಿನಿಂದ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಹೂವು ಗೂಡಿನ ಹಲಗೆಗೆ ಕರಗಿ ಅಂಟುತ್ತದೆ.

ಈಗ ಉಡುಗೊರೆಯ ಡಬ್ಬಿಯಲ್ಲಿ ಹೂಗಳ ಜೊತೆಗೆ ಸ್ಕ್ರೂ, ಗೋಡೆಯೊಳಗೆ ಕೂರುವ ಪ್ಲಾಸ್ಟಿಕ್ ಪ್ಲಗ್, ತೂತುಗಳ ಜಾಗ ಗುರುತಿಸಿದ ಕಾಗದ, ಇವೂ ಇರುತ್ತವೆ. ನಮ್ಮ ಕಡೆಯ ಜಂಬಿಟ್ಟಿಗೆಯ ಗೋಡೆಯಲ್ಲಿ ಗಿಲಾವು ಉದುರುವುದರಿಂದ ಚಿಕ್ಕ ಪ್ಲಗ್ ಸಾಲದು, 40 ಮಿಲಿಮೀಟರಿನದಾದರೂ ಬೇಕು.

ಅತ್ತೆಯ ಜಗುಲಿಗೆ ಹೊಸದಾಗಿ ಒಂಬತ್ತು ಹೂಗಳನ್ನು ಮಾಡಿಕೊಟ್ಟೆ, ಈ ಬಾರಿ ತೊಟ್ಟಿನ ಸಮೇತ. ಎಸಳುಗಳು ಗೋಡೆಯಿಂದ ಒಂದು ಬೆರಳಿನಷ್ಟು ಮುಂದೆ ನಿಂತಿರುವುದರಿಂದ ಹಿಂದೆ ಗಾಳಿಯಾಡುತ್ತದೆ. ಮಳೆಗಾಲ ಮುಗಿದ ಮೇಲೆ ಹೋಗಿ ಒಂದೊಂದನ್ನೂ ಬಿಚ್ಚಿ ನೋಡಿದೆವು. ಉಳಿದ ಗೋಡೆಯ ಮೇಲೆ ಅಲ್ಲಲ್ಲಿ ಬೂಷ್ಟು ಹಿಡಿದಿದ್ದರೂ ಹೂಗಳ ಹಿಂದಿನ ಸುಣ್ಣ ಒಣಗಿ ಬೆಳ್ಳಗಿತ್ತು. ಅತ್ತೆ ಎಸಳುಗಳ ಧೂಳನ್ನು ಸೆರಗಿನಿಂದ ಒರೆಸಿ, ಅವನ್ನು ತಮ್ಮ ಕೈಯಾರೆ ಮತ್ತೆ ಮೊಳೆಗೆ ಸಿಕ್ಕಿಸಿದರು.