ಪಾಳಿಯ ಗಂಟೆಯನ್ನು ಬಸ್ಸಿಗೆ ಹೊಂದಿಸಿದ ಬಗೆ

ನೌಕರರು ಬಸ್ಸಿನಲ್ಲಿ ಕೆಲಸಕ್ಕೆ ಬರಲಿ ಎಂದು ಬಯಸುವ ಮಾಲೀಕರು ಮೊದಲು ನೋಡಬೇಕಾದದ್ದು ತಮ್ಮ ಗೇಟಿನಲ್ಲಿರುವ ಹಾಜರಿ ಯಂತ್ರವನ್ನು. ಮೈಸೂರಿನ ಕೂರ್ಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಘಟಕವೊಂದರ ಸಿಬ್ಬಂದಿ ವಿಭಾಗದಲ್ಲಿದ್ದು ನಾನು ಕಂಡುಕೊಂಡದ್ದು ಇದನ್ನೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ, ಇನ್ನು ಹೆಣ್ಣುಮಕ್ಕಳೆಲ್ಲ ತಾವಾಗಿಯೇ ಬಸ್ ಹತ್ತುತ್ತಾರೆ, ನಾವು ಮಾಡುವುದಕ್ಕೇನೂ ಇಲ್ಲ ಎಂದು ನಮ್ಮ ಆಡಳಿತದವರು ಭಾವಿಸಿದ್ದರು. ಆದರೆ ಹಲವರು ಷೇರ್ ಆಟೊ ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಜೊತೆಗೆ ಕುಳಿತು ಕಾರಣ ಕೇಳಿದೆ. ಜೋಡಣೆ ವಿಭಾಗದ ಹಿರಿಯಕ್ಕ ನೇರವಾಗಿ ಹೇಳಿದರು: "ಟಿಕೆಟ್ ಸೊನ್ನೆ ಆಗಿದೆ, ನಿಜ ಮೇಡಂ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದಲ್ಲ, ಅದನ್ನು ಯಾರು ಕೊಡುತ್ತಾರೆ?"

ಅವರು ಬರುವುದು ಉದಯಗಿರಿಯಿಂದ. ನಗರ ಬಸ್ ನಿಲ್ದಾಣದಲ್ಲಿ ಇಳಿದು ನಮ್ಮ ಕಡೆಯ ಬಸ್ ಹಿಡಿಯಬೇಕು. ನಂಜನಗೂಡಿನವರಿಗೆ ಇನ್ನೂ ಕಷ್ಟ; ಅವರ ಬಸ್ ಗ್ರಾಮಾಂತರ ನಿಲ್ದಾಣಕ್ಕೆ ಬರುತ್ತದೆ, ಅಲ್ಲಿಂದ ನಗರ ನಿಲ್ದಾಣಕ್ಕೆ ನಡೆಯಬೇಕು. ಎರಡು ಬಸ್ಸಿನ ನಡುವೆ ಒಂದು ತಪ್ಪಿದರೂ ದಿನದ ಲೆಕ್ಕ ತಲೆಕೆಳಗು. ಹೀಗಿರುವಾಗ ಗಂಡಸರು ಸಾಲ ಮಾಡಿಯಾದರೂ ಬೈಕ್ ಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ರಿಂಗ್ ರಸ್ತೆಯಲ್ಲಿ ಲಾರಿಗಳ ನಡುವೆ ಬರುವ ಆ ಹುಡುಗರನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ. ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ಆ ಭಯವೂ ಒಂದು ಕಾರಣ.

ಮೊದಲು ಪ್ರತಿಯೊಬ್ಬರಿಂದ ಮೂರೇ ವಿವರ ಪಡೆದೆ: ಎಲ್ಲಿ ಬಸ್ ಹತ್ತುತ್ತೀರಿ, ಎಲ್ಲಿ ಬದಲಿಸುತ್ತೀರಿ, ಗೇಟಿಗೆ ಎಷ್ಟು ಹೊತ್ತಿಗೆ ತಲುಪುತ್ತೀರಿ. ಬಡಾವಣೆವಾರು ಜೋಡಿಸಿದಾಗ ವಿಷಯ ಬಯಲಾಯಿತು. ನಮ್ಮ ಸಾಮಾನ್ಯ ಪಾಳಿ ಎಂಟೂವರೆಗೆ ಶುರುವಾಗುತ್ತಿತ್ತು. ಹೆಚ್ಚಿನವರಿಗೆ ಅನುಕೂಲವಾದ ಬಸ್ ನಮ್ಮ ನಿಲ್ದಾಣಕ್ಕೆ ಬರುವುದೂ ಸರಿಸುಮಾರು ಆಗಲೇ. ಅದಕ್ಕಿಂತ ಮುಂಚಿನ ಬಸ್ಸಿಗೆ ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ ಹೊರಡಲಾಗದು. ಜೊತೆಗೆ ಅಕ್ಕಪಕ್ಕದ ಕಾರ್ಖಾನೆಗಳ ಗಂಟೆಯೂ ಎಂಟೂವರೆಯೇ ಆದ್ದರಿಂದ ಎಲ್ಲರೂ ಒಂದೇ ಬಸ್ಸಿಗೆ ಮುಗಿಬೀಳುತ್ತಿದ್ದರು.

ಪಾಳಿಯನ್ನು ಇಪ್ಪತ್ತು ನಿಮಿಷ ಮುಂದಕ್ಕೆ ಹಾಕೋಣ ಎಂದೆ. ಉತ್ಪಾದನಾ ವ್ಯವಸ್ಥಾಪಕರು ಒಪ್ಪಲಿಲ್ಲ. ಯಂತ್ರಗಳು ಒಂದು ಪಾಳಿಯಿಂದ ಇನ್ನೊಂದಕ್ಕೆ ಕೈಬದಲಾಗುವ ಹೊತ್ತನ್ನು ಅಲುಗಿಸಲಾಗದು ಎಂಬ ಅವರ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ಆ ಪಾಳಿಗಳನ್ನು ಮುಟ್ಟದೆ ಜೋಡಣೆ, ಪ್ಯಾಕಿಂಗ್ ಮತ್ತು ಕಚೇರಿಯ ಸಾಮಾನ್ಯ ಪಾಳಿಯನ್ನಷ್ಟೇ ಬದಲಿಸಿದೆವು. ಇದನ್ನು ಮಾಡಹೊರಡುವವರಿಗೆ ಒಂದು ಮಾತು: ಬಾಯಿಮಾತಿನಲ್ಲಿ ಮುಗಿಸಬೇಡಿ. ನಾವು ಮಾಡುವಾಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಂತೆ, ಕೆಲಸದ ವೇಳೆ ಬದಲಿಸಲು 21 ದಿನಗಳ ನೋಟಿಸ್ ಬೇಕಿತ್ತು. ಕಾರ್ಖಾನೆಗಳ ಕಾಯ್ದೆಯಂತೆ ಹೊಸ ವೇಳಾಪಟ್ಟಿಯನ್ನು ಇನ್ಸ್‌ಪೆಕ್ಟರರಿಗೂ ಮೊದಲೇ ತಿಳಿಸಬೇಕಿತ್ತು. ಕಾರ್ಮಿಕ ಸಂಘದವರನ್ನು ಮೊದಲ ದಿನವೇ ಕೂರಿಸಿಕೊಂಡದ್ದರಿಂದ ತಕರಾರು ಬರಲಿಲ್ಲ.

ಎರಡನೆಯ ಬದಲಾವಣೆ ಸಣ್ಣದು, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ. ನಿರ್ವಾಹಕರು ಯಂತ್ರದಿಂದ ಕೊಡುವ ಟಿಕೆಟ್ಟಿನಲ್ಲಿ ದಿನಾಂಕವೂ ವೇಳೆಯೂ ಮುದ್ರಿತವಾಗಿರುತ್ತದೆ; ಶಕ್ತಿಯ ಶೂನ್ಯ ಟಿಕೆಟ್ಟಿನಲ್ಲೂ ಅಷ್ಟೇ. ಹತ್ತಬೇಕಾದ ಬಸ್ಸನ್ನೇ ಹತ್ತಿ, ದಾರಿಯಲ್ಲಿ ತಡವಾಗಿದ್ದರೆ ಆ ಟಿಕೆಟ್ ತೋರಿಸಿದರೆ ಸಾಕು, ಸಂಬಳ ಕಡಿತವಿಲ್ಲ ಎಂದು ಆದೇಶ ಹೊರಡಿಸಿದೆವು. ಪಾಸಿನವರಿಗೆ ಅದೇ ಬಸ್ಸಿನಲ್ಲಿ ಬಂದವರ ಟಿಕೆಟ್ ಸಾಕ್ಷಿ. ಜನ ದುರುಪಯೋಗ ಮಾಡುತ್ತಾರೆ ಎಂಬ ಅನುಮಾನ ಮೇಲಿನವರಿಗಿತ್ತು. ಹಾಗೇನೂ ಆಗಲಿಲ್ಲ. ದಸರಾ ದಿನಗಳಲ್ಲಿ ಅರಮನೆ ಸುತ್ತಮುತ್ತ ಸಂಚಾರ ಬದಲಾದಾಗ ಟಿಕೆಟ್ ಸಹ ಕೇಳುವುದಿಲ್ಲ.

ಹಣದ ವಿಷಯ ಆಮೇಲೆ. ಬೈಕಿನವರಿಗೆ ನಾವು ಶೆಡ್ ಕಟ್ಟಿಸಿದ್ದೆವು, ಮೇಲ್ವಿಚಾರಕರಿಗೆ ಪೆಟ್ರೋಲ್ ಭತ್ಯೆ ಕೊಡುತ್ತಿದ್ದೆವು. ಬಸ್ಸಿನಲ್ಲಿ ಬರುವವನಿಗೆ ಏನೂ ಇರಲಿಲ್ಲ. ಇದು ಅನ್ಯಾಯ ಎಂದು ಲೆಕ್ಕಪತ್ರ ವಿಭಾಗದವರ ಮುಂದೆ ಪಟ್ಟು ಹಿಡಿದೆ. ಈಗ ಗಂಡಸರ ತಿಂಗಳ ಪಾಸಿನ ಹಣವನ್ನು ಕಂಪನಿ ಕೊಡುತ್ತದೆ. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿದಾಗ ಆ ಹೆಚ್ಚಳವನ್ನೂ ಕಂಪನಿಯೇ ವಹಿಸಿಕೊಂಡಿತು. ಹೆಚ್ಚುವರಿ ಕೆಲಸಕ್ಕೆ ನಿಲ್ಲಿಸಿಕೊಂಡು ಬಸ್ ತಪ್ಪಿದರೆ ಆಟೊ ಬಾಡಿಗೆ ನಮ್ಮದು. ರಾತ್ರಿ ಪಾಳಿಯ ಮಾತು ಬೇರೆ. ಅಲ್ಲಿ ಹೆಣ್ಣುಮಕ್ಕಳನ್ನು ಬಸ್ಸಿಗೆ ಹೋಗಿ ಎನ್ನುವಂತೆಯೇ ಇಲ್ಲ, ಕಂಪನಿ ವಾಹನವೇ ಮನೆಗೆ ಬಿಡಬೇಕು.

ನಿಲ್ದಾಣದಿಂದ ಗೇಟಿನವರೆಗಿನ ದಾರಿಯನ್ನು ಸಂಜೆ ಕತ್ತಲಾದ ಮೇಲೆ ನಾನೇ ನಡೆದು ನೋಡಿದೆ. ಬೀದಿನಾಯಿಗಳು, ಉರಿಯದ ದೀಪಗಳು. ನಮ್ಮ ಕಾಂಪೌಂಡಿಗೆ ರಸ್ತೆಯತ್ತ ಬೆಳಕು ಚೆಲ್ಲುವ ದೀಪ ಹಾಕಿಸಿದೆವು. ಪಾಳಿ ಬಿಡುವ ಹೊತ್ತಿಗೆ ಕಾವಲಿನ ಅಣ್ಣ ನಿಲ್ದಾಣದವರೆಗೆ ಜೊತೆಗೆ ಹೋಗುತ್ತಾರೆ.

ಸಾರಿಗೆ ಅಧಿಕಾರಿಗಳನ್ನು ಕಾಣಲು ಹೋಗುವವರು "ಬಸ್ ಬಿಡಿ" ಎಂಬ ಅರ್ಜಿ ಮಾತ್ರ ಒಯ್ಯಬಾರದು. ಹೊಸ ಬಸ್ ಎಂದರೆ ಅವರಿಗೆ ಹೊಸ ವಾಹನ, ಚಾಲಕ, ನಿರ್ವಾಹಕ ಎಲ್ಲ ಬೇಕು. ಇರುವ ಟ್ರಿಪ್ಪನ್ನೇ ಸ್ವಲ್ಪ ಹಿಂದುಮುಂದು ಮಾಡಿ ಎಂದು ಕೇಳಿದೆವು. ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆ ಎಂಬ ಪಟ್ಟಿಗೆ ಪಕ್ಕದ ಘಟಕದವರ ಸಹಿಯನ್ನೂ ಸೇರಿಸಿದ್ದೆವು. ಅಧಿಕಾರಿಗಳು ಪಟ್ಟಿಯನ್ನು ಸಾಲುಸಾಲಾಗಿ ಓದಿ, ಬೆಳಗಿನ ಒಂದು ಟ್ರಿಪ್ಪನ್ನು ಹೊಂದಿಸಿಕೊಟ್ಟರು.

ಸಂಜೆಯದು ಬಾಕಿಯಿದೆ. ಪಾಳಿ ಬಿಟ್ಟ ಮೇಲೆ ಈಗಲೂ ತುಂಬಾ ಹೊತ್ತು ಕಾಯಬೇಕು, ಅದೇ ಕಾರಣಕ್ಕೆ ಕೆಲವರು ಬೈಕಿಗೆ ಮರಳಿದ್ದಾರೆ. ಈ ಬಾರಿ ಹೂಟಗಳ್ಳಿ ಕಡೆಯ ಘಟಕಗಳ ಸಿಬ್ಬಂದಿ ಅಧಿಕಾರಿಗಳನ್ನೂ ಸೇರಿಸಿಕೊಂಡು ಪಟ್ಟಿ ಮಾಡುತ್ತಿದ್ದೇವೆ.